ಅಣ್ಣನ ಸೆಕ್ಯುರಿಟಿ ಕ್ಲಿಯರೆನ್ಸ್‌ಗೆ ನಮ್ಮಿಂದ ತೊಂದರೆ ಆಗುತ್ತಾ?

ಟಿಳಕವಾಡಿ ತಂಗಿ: ಅಣ್ಣ ಅಮೆರಿಕದ ಸಿಟಿಜನ್. ಅಲ್ಲಿನ ಸರ್ಕಾರಿ ಕೆಲಸಕ್ಕೆ ಕ್ಲಿಯರೆನ್ಸ್, ಅಂದರೆ ಗುಪ್ತ ಮಾಹಿತಿ ನೋಡಲು ಹಿನ್ನೆಲೆ ತನಿಖೆ ಮಾಡಿ ಕೊಡುವ ಅನುಮತಿ, ಬೇಕಂತೆ. ಅಪ್ಪ ಇಲ್ಲಿ ಭಾರತೀಯ ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿದ್ದವರು, ಅದಕ್ಕೇ ಅವ್ವ ಹೆದರಿ ಭಾನುವಾರದ ವಿಡಿಯೋ ಕಾಲ್ ಕೂಡ ಬಿಟ್ಟಿದ್ದಾಳೆ, ಫೋನ್ ರಿಂಗ್ ಆದರೆ ಸೆರಗಿನಲ್ಲಿ ಮುಚ್ಚಿಡುತ್ತಾಳೆ. ಅಣ್ಣ ಫಾರ್ಮ್‌ನಲ್ಲಿ ಅಪ್ಪನ ನೌಕರಿ ವಿಷಯ ಬರೆಯದಿದ್ದರೆ ಒಳ್ಳೇದಲ್ವಾ?

ರೊಟ್ಟಿ ಬುತ್ತಿ: ಬೇಡ ತಂಗಿ, ಮುಚ್ಚಿಡಲೇಬಾರದು. ಕ್ಲಿಯರೆನ್ಸ್‌ಗೆ ತುಂಬುವ ಎಸ್‌ಎಫ್-86 ಫಾರ್ಮ್‌ನ 18ನೇ ಭಾಗದಲ್ಲಿ ತಂದೆ ತಾಯಿ, ಒಡಹುಟ್ಟಿದವರು, ಅತ್ತೆ ಮಾವ ಎಲ್ಲರ ವಿವರ ಕೇಳುತ್ತಾರೆ, ಬೇರೆ ದೇಶದವರಾದರೆ ಎಷ್ಟು ಸಲ ಮಾತಾಡುತ್ತೀರಿ, ಸೈನ್ಯದ ಸಂಬಂಧ ಇದೆಯಾ ಅಂತಲೂ. 19ರಲ್ಲಿ ಕಳೆದ 7 ವರ್ಷದ ಹತ್ತಿರದ ವಿದೇಶಿ ಸ್ನೇಹಿತರು. ಸಂಬಂಧ ಇರೋದೇ ತಪ್ಪಲ್ಲ. ಅದನ್ನು ಹಿಡಿದು ಯಾರಾದರೂ ಅವನ ಮೇಲೆ ಒತ್ತಡ ಹಾಕಬಹುದಾ ಅಂತ ನೋಡುತ್ತಾರೆ. ಬೇಕಂತಲೇ ಸುಳ್ಳು ಬರೆದರೆ ಅದು ಅಪರಾಧ.

ವಿಜಯಪುರದವ: ಮದುವೆ ಆಗದೆ ಜೊತೆಗಿರುವ ಸಂಗಾತಿ ಇದ್ದರೆ ಅವರನ್ನೂ ಬರೆಯಬೇಕು ನೋಡ್ರಿ. ಮನೆಯಲ್ಲಿ ಗೊತ್ತಾಗುತ್ತೆ ಅಂತ ಬಿಡೋದು ಬೇಡ. ಅವ್ವನಿಗೆ ಮೊದಲು ಫೋನ್ ಮಾಡಲು ಹೇಳ್ರಿ.

ಟಿಳಕವಾಡಿ ತಂಗಿ: ಓದಿ ಹೇಳಿದೆ. ಅಪ್ಪ ಟ್ರಂಕಿನಿಂದ ಡಿಸ್ಚಾರ್ಜ್ ಬುಕ್ ತೆಗೆದು, ಕನ್ನಡಕ ಹಾಕಿಕೊಂಡು ತಾರೀಖು ಬರೆದುಕೊಳ್ಳುತ್ತಿದ್ದಾರೆ.