ಜಿಯೋಜೀಬ್ರಾ: ಪಿ ಬಿಂದುವನ್ನು ಎಳೆದ ಕೂಡಲೇ ಸ್ಪರ್ಶಕ ಕೆಟ್ಟುಹೋಗುತ್ತಿದೆ

ಹತ್ತನೇ_ಗಣಿತ:

ಮಾಮೂಲಿ ರಚನೆಯೇ. 6 ಸೆಂ.ಮೀ ತ್ರಿಜ್ಯದ ವೃತ್ತ, ಕೇಂದ್ರದಿಂದ 10 ಸೆಂ.ಮೀ ದೂರದ ಬಿಂದುವಿನಿಂದ ಎರಡು ಸ್ಪರ್ಶಕ. ಜಿಯೋಜೀಬ್ರಾ ಕ್ಲಾಸಿಕ್‌ನಲ್ಲಿ (ರೇಖಾಗಣಿತದ ಆಕೃತಿ ಬಿಡಿಸೋ ಸಾಫ್ಟ್‌ವೇರ್) ಮಾಡಿದ್ದು ಹೀಗೆ: ಓ ಕೇಂದ್ರವಾಗಿ ವೃತ್ತ ಸಿ, ಬಲಕ್ಕೆ (10, 0)ರಲ್ಲಿ ಪಿ, ಓಪಿಯ ಮಧ್ಯಬಿಂದು ಎಂ, ಎಂ ಕೇಂದ್ರವಾಗಿ 5 ತ್ರಿಜ್ಯದ ವೃತ್ತ ಡಿ. ವೃತ್ತಗಳು ಕತ್ತರಿಸುವ ಕಡೆ ಎ, ಬಿ ಬಿಂದು ಇಟ್ಟು ಪಿಎ, ಪಿಬಿ ಸರಳರೇಖೆ ಎಳೆದೆ.

ಪಿ ಅಲ್ಲಾಡದಿದ್ದರೆ ಎಲ್ಲ ಚೆಂದ. ಎಳೆದರೆ ಒಂದು ರೇಖೆ ವೃತ್ತದೊಳಗೆ ನುಗ್ಗುತ್ತೆ, ಇನ್ನೊಂದು ಸರಿ ಇದ್ದಂತೆ ಕಂಡರೂ ಕೋನ 90° ಇರಲ್ಲ. ಎಳೆಯೋ ಮೊದಲೇ ಎ ಹತ್ತಿರ 90°, ಬಿ ಹತ್ತಿರ 270° ತೋರಿಸುತ್ತೆ. ಪ್ರಿಂಟ್ ತೆಗೆದು ಸ್ಕೇಲ್ ಇಟ್ಟರೆ ತ್ರಿಜ್ಯ 6 ಸೆಂ.ಮೀಗಿಂತ ಕಮ್ಮಿ. ಎಲ್ಲಿ ತಪ್ಪಿದೆ?

ಕೈವಾರ:

ಒಂದಲ್ಲ, ಎರಡು ತಪ್ಪು ಒಟ್ಟಿಗೆ ಸೇರಿಕೊಂಡಿವೆ.

ಮೊದಲು ಬಿಂದುಗಳ ಬಣ್ಣ ನೋಡಿ. ಗಾಢ ನೀಲಿ ಇದ್ದರೆ ಸ್ವತಂತ್ರ ಬಿಂದು, ತಿಳಿ ನೀಲಿ ಇದ್ದರೆ ಯಾವುದೋ ಒಂದು ಆಕೃತಿಯ ಮೇಲೆ ಜಾರುವ ಬಿಂದು, ಕಪ್ಪು ಇದ್ದರೆ ಬೇರೆಯದರಿಂದ ಹುಟ್ಟಿದ ಅವಲಂಬಿತ ಬಿಂದು. ಎ, ಬಿ ಎರಡೂ ಕಪ್ಪಗಿರಬೇಕು. ವೃತ್ತದೊಳಗೆ ನುಗ್ಗುವ ರೇಖೆಯ ಬಿಂದು ಖಂಡಿತ ತಿಳಿ ನೀಲಿ ಇರುತ್ತೆ. ಪಾಯಿಂಟ್ ಟೂಲ್‌ನಲ್ಲಿ ಕ್ಲಿಕ್ ಮಾಡುವಾಗ ಎರಡೂ ವೃತ್ತ ದಪ್ಪಗಾದರೆ ಮಾತ್ರ ಛೇದನ ಬಿಂದು ಸಿಗೋದು. ಒಂದೇ ದಪ್ಪಗಾಗಿದ್ದರೆ ಬಿಂದು ಅದೊಂದಕ್ಕೇ ಅಂಟಿಕೊಳ್ಳುತ್ತೆ, ಕಣ್ಣಿಗೆ ಛೇದನದಲ್ಲೇ ಇದ್ದಂಗೆ ಕಾಣುತ್ತೆ. ಪಿ ಎಳೆದಾಗ ಅದು ಇದ್ದಲ್ಲೇ ಉಳಿಯುತ್ತೆ, ರೇಖೆ ಮಾತ್ರ ತಿರುಗುತ್ತೆ.

ಅಳಿಸಿ ಮತ್ತೆ ಮಾಡೋದು ಬೇಡ. ಬೀಜಗಣಿತದ ಕಿಟಕಿಯಲ್ಲಿ ಆ ಬಿಂದುವಿನ ಸಾಲಿಗೆ ಡಬಲ್ ಕ್ಲಿಕ್ ಮಾಡಿ ‘ಪಾಯಿಂಟ್(ಸಿ)’ ಅಂತಿರೋದನ್ನು ‘ಇಂಟರ್‌ಸೆಕ್ಟ್(ಸಿ, ಡಿ, 1)’ ಮಾಡಿ. ಇನ್ನೊಂದಕ್ಕೆ ಕೊನೆಯಲ್ಲಿ 2. ಎರಡಕ್ಕೂ 1 ಕೊಟ್ಟರೆ ಎ, ಬಿ ಒಂದರ ಮೇಲೊಂದು ಕೂತು ಒಂದೇ ಸ್ಪರ್ಶಕ ಕಾಣುತ್ತೆ.

ಎರಡನೇ ತಪ್ಪು ಇದಕ್ಕಿಂತ ಕಳ್ಳತನದ್ದು. ಡಿ ವೃತ್ತಕ್ಕೆ ತ್ರಿಜ್ಯ 5 ಅಂತ ಸಂಖ್ಯೆ ಕೊಟ್ಟಿದ್ದೀರಿ. ಓಪಿ 10 ಇರೋವರೆಗೂ 5 ಅದರ ಅರ್ಧ, ಹಾಗಾಗಿ ಡಿ ವೃತ್ತ ಓ ಮತ್ತು ಪಿ ಎರಡರ ಮೂಲಕವೂ ಹೋಗುತ್ತೆ, ಅರ್ಧವೃತ್ತದ ಕೋನ ಅಂತ 90° ಬರುತ್ತೆ. ಪಿಯನ್ನು 12ಕ್ಕೆ ಎಳೆಯಿರಿ: ಎಂ 6ಕ್ಕೆ ಹೋಗುತ್ತೆ, ಆದರೆ ತ್ರಿಜ್ಯ 5ರಲ್ಲೇ ನಿಲ್ಲುತ್ತೆ. ಆಗ ಓಎಪಿ ಕೋನ 101.4°. ಛೇದನ ಬಿಂದು ಸರಿಯಾಗೇ ಇದೆ, ವೃತ್ತವೇ ತಪ್ಪು. ಡಿಯನ್ನು ‘ಸರ್ಕಲ್(ಎಂ, ಓ)’ ಅಂತ ಬದಲಿಸಿ. ಕೇಂದ್ರ ಎಂ, ಓ ಮೂಲಕ ಹಾದುಹೋಗಬೇಕು, ಅಷ್ಟೇ. ಕಾಗದದ ಮೇಲೆ ಕೈವಾರದ ಮುಳ್ಳು ಎಂನಲ್ಲಿ, ಪೆನ್ಸಿಲ್ ಓನಲ್ಲಿ ಇಟ್ಟು ತಿರುಗಿಸ್ತೀವಲ್ಲ, ಅದೇ.

ಎಂ ಕೂಡ ನೋಡಿಕೊಳ್ಳಿ. ಗ್ರಿಡ್ ನೋಡಿ (5, 0)ರಲ್ಲಿ ಇಟ್ಟಿದ್ದರೆ ಅದೂ ‘ಮಿಡ್‌ಪಾಯಿಂಟ್(ಓ, ಪಿ)’ ಆಗಬೇಕು.

ಲಂಬಾರ್ಧಕ:

270° ವಿಷಯ. ಜಿಯೋಜೀಬ್ರಾ ಕೋನವನ್ನು ಮೊದಲು ಒತ್ತಿದ ಬಾಹುವಿನಿಂದ ಶುರುಮಾಡಿ ಗಡಿಯಾರದ ವಿರುದ್ಧ ದಿಕ್ಕಿಗೆ ಅಳೆಯುತ್ತೆ. ಮೇಲಿನ ಬಿಂದು (3.6, 4.8)ರಲ್ಲಿ ಓ, ಎ, ಪಿ ಅಂತ ಒತ್ತಿದರೆ 90°. ಕೆಳಗಿನದು (3.6, −4.8), ಅಲ್ಲೂ ಅದೇ ಕ್ರಮದಲ್ಲಿ ಓ, ಬಿ, ಪಿ ಒತ್ತಿದರೆ ಹೊರಗಿನ ಸುತ್ತು, 270°. ಅಲ್ಲಿ ಪಿ, ಬಿ, ಓ ಅಂತ ಒತ್ತಿ. ಇಲ್ಲಾ ಕೋನದ ಪ್ರಾಪರ್ಟೀಸ್‌ಗೆ ಹೋಗಿ 0°ಯಿಂದ 180° ಒಳಗೆ ಅಂತ ಆರಿಸಿ. ಪಿ ಎಳೆದಾಡುವ ಫೈಲ್ ಆದ್ದರಿಂದ ಎರಡನೇ ದಾರಿಯೇ ವಾಸಿ.

ಪ್ರಿಂಟಿಗೆ: 1 ಯೂನಿಟ್ = 1 ಸೆಂ.ಮೀ ಅಂತ ಸ್ಕೇಲ್ ಕೊಟ್ಟಿದ್ದರೂ ಪ್ರಿಂಟರ್ ಡಯಲಾಗ್‌ನ ‘ಫಿಟ್ ಟು ಪೇಜ್’ ಕುಗ್ಗಿಸಿಬಿಡುತ್ತೆ. ಅದನ್ನು ತೆಗೆದು 100% ಇಡಿ. ವೃತ್ತದ ಎಡ ಅಂಚಿನಿಂದ ಪಿವರೆಗೆ 16 ಸೆಂ.ಮೀ, ಎತ್ತರ 12. 21 ಸೆಂ.ಮೀ ಅಗಲದ ಎ4 ಹಾಳೆಯಲ್ಲಿ ಕುಗ್ಗಿಸದೆ ಕೂರುತ್ತೆ. ವೃತ್ತ ಮೊಟ್ಟೆ ಥರ ಕಂಡರೆ ಯಾರೋ ಅಕ್ಷ ಎಳೆದಿದ್ದಾರೆ ಅಂತ ಅರ್ಥ. ಅಕ್ಷಗಳ ಅನುಪಾತವನ್ನು 1:1 ಮಾಡಿ.

ಹತ್ತನೇ_ಗಣಿತ:

ಸರಿಹೋಯ್ತು, ಪಿ ಎಲ್ಲೇ ಹೋದರೂ ಎರಡೂ ಕಡೆ 90°. ಪಿಎ ಉದ್ದ 8 ಬರ್ತಿದೆ. ಪಿಯನ್ನು ವೃತ್ತದೊಳಗೆ ತಂದರೆ ಎಲ್ಲ ಮಾಯ, ಅದು ಸರಿಯೇ. ಆದರೆ ಪಿ ಸರಿಯಾಗಿ ವೃತ್ತದ ಮೇಲೆ, (6, 0)ರಲ್ಲಿ ಇದ್ದಾಗಲೂ ಸ್ಪರ್ಶಕ ಇಲ್ಲ. ಅಲ್ಲಿ ಒಂದು ಇರಬೇಕಲ್ಲ?

ಜೊತೆಗೆ, 5 ಸೆಂ.ಮೀ ತ್ರಿಜ್ಯ, ಸ್ಪರ್ಶಕಗಳ ನಡುವೆ 60° ಅನ್ನೋ ಲೆಕ್ಕಕ್ಕೆ ಪಿ ಎಲ್ಲಿ ಇಡೋದು?

ಕೈವಾರ:

ಇರಬೇಕು. ಅಲ್ಲಿ ಎ, ಬಿ, ಪಿ ಮೂರೂ ಒಂದೇ ಬಿಂದು. ನಿಮ್ಮ ರೇಖೆ ‘ಪಿ ಮತ್ತು ಎ ಮೂಲಕ’ ಎಳೆದದ್ದು. ಎರಡು ಬಿಂದು ಒಂದೇ ಆದರೆ ರೇಖೆ ಯಾವ ದಿಕ್ಕಿಗೆ ಅಂತ ಗೊತ್ತಾಗಲ್ಲ. ಪಿಎ ಬದಲು, ಎ ಮೂಲಕ ಓಎಗೆ ಲಂಬ ಎಳೆಯಿರಿ. ಹೊರಗಿದ್ದಾಗ ಅದು ತಾನಾಗೇ ಪಿ ಮೂಲಕ ಹೋಗುತ್ತೆ, ವೃತ್ತದ ಮೇಲಿದ್ದಾಗಲೂ ಉಳಿಯುತ್ತೆ. ರೆಡಿಮೇಡ್ ಟ್ಯಾಂಜೆಂಟ್ ಟೂಲನ್ನು ಬೇರೆ ಬಣ್ಣದಲ್ಲಿ ಮೇಲೆ ಹಾಕಿ ತಾಳೆ ನೋಡಿ. ತಾಳೆಗೆ ಮಾತ್ರ; ಅದನ್ನೇ ರಚನೆ ಅಂತ ತೋರಿಸಿದರೆ ಮಕ್ಕಳಿಗೆ ಡಿ ವೃತ್ತ ಯಾಕೆ ಬೇಕಿತ್ತು ಅನ್ನೋದೇ ಕಾಣಲ್ಲ.

60° ಲೆಕ್ಕದಲ್ಲಿ ಪಿಯನ್ನು ಇಡೋದೇ ಇಲ್ಲ, ಅದು ಕೊನೆಗೆ ತಾನೇ ಹುಟ್ಟುತ್ತೆ. ವೃತ್ತದ ಮೇಲೆ ಎ. ಕೊಟ್ಟ ಅಳತೆಯ ಕೋನದ ಟೂಲ್ ತಗೊಂಡು ಮೊದಲು ಎ, ಆಮೇಲೆ ಓ ಒತ್ತಿ 120° ಕೊಡಿ (180 − 60). ಸಿಗೋ ಹೊಸ ಬಿಂದುವೇ ಬಿ. ಎ, ಬಿಗಳಲ್ಲಿ ತ್ರಿಜ್ಯಗಳಿಗೆ ಲಂಬ, ಅವು ಕೂಡುವಲ್ಲಿ ಪಿ. ಓಪಿ 10, ಪಿಎ 8.66 ಬಂದರೆ ಸರಿ.

ಡಿಗ್ರಿ ಚಿಹ್ನೆ ಅಳಿಸಿಹೋಗಿ ಬರೀ 120 ಉಳಿದರೆ ಅದನ್ನು ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಅಂತ ತಗೊಳ್ಳುತ್ತೆ, ಬಿ ಎಯಿಂದ ಬರೀ 35.5° ದೂರದಲ್ಲಿ ಕೂರುತ್ತೆ. 60° ಬದಲು ಸ್ಲೈಡರ್ ಹಾಕೋದಾದರೆ 10°ಯಿಂದ 170° ಇಡಿ. 0°ಗೆ ಬಿಟ್ಟರೆ ಲಂಬಗಳು ಸಮಾಂತರವಾಗಿ ಪಿ ಇರೋದೇ ಇಲ್ಲ.

ಲಂಬಾರ್ಧಕ:

ಮೊದಲ ಲೆಕ್ಕಕ್ಕೆ ಮಧ್ಯಬಿಂದುವೇ ಬೇಡದ ಹಳೇ ದಾರಿಯೊಂದಿದೆ, ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ 3ನೇ ಪುಸ್ತಕದ 17ನೇ ಪ್ರಮೇಯದಲ್ಲಿ ಕೊಟ್ಟಿದ್ದು. ಓ ಕೇಂದ್ರವಾಗಿ ಪಿ ಮೂಲಕ ದೊಡ್ಡ ವೃತ್ತ. ಓಪಿ ಚಿಕ್ಕ ವೃತ್ತವನ್ನು ಕತ್ತರಿಸುವ ಬಿಂದು ಕೆ. ಕೆ ಮೂಲಕ ಓಪಿಗೆ ಲಂಬ, ಅದು ದೊಡ್ಡ ವೃತ್ತವನ್ನು ಮುಟ್ಟುವಲ್ಲಿ ಎಫ್. ಓಎಫ್ ಚಿಕ್ಕ ವೃತ್ತವನ್ನು ಕತ್ತರಿಸುವ ಬಿಂದುವೇ ಎ. ಓಎಫ್ 10, ಓಕೆ 6, ಹಾಗಾಗಿ ಕೆಎಫ್ 8. ತ್ರಿಭುಜ ಓಕೆಎಫ್ ಮತ್ತು ಓಎಪಿ ಸರ್ವಸಮ, ಆದ್ದರಿಂದ ಎನಲ್ಲಿ ಲಂಬಕೋನ.

ಇಲ್ಲಿ ಓಪಿಯನ್ನು ರೇಖಾಖಂಡವಾಗೇ ಎಳೆಯಿರಿ. ಪೂರ್ತಿ ಸರಳರೇಖೆ ಎಳೆದರೆ ಅದು ಚಿಕ್ಕ ವೃತ್ತವನ್ನು ಎರಡು ಕಡೆ ಕತ್ತರಿಸುತ್ತೆ, ಎಡಗಡೆಯ ಬಿಂದು ಆಯ್ಕೆಯಾಗಿಬಿಟ್ಟರೆ ರಚನೆ ಪೂರ್ತಿ ಅಡ್ಡದಾರಿ ಹಿಡಿಯುತ್ತೆ. ಎಫ್ ಆದ ಮೇಲೆ ಓಎಫ್‌ಗೂ ಅದೇ ಮಾತು.