ಒಲಿಂಪಿಯಾದ ಜ್ಯೂಸ್ ದೇಗುಲದ ಶಿಲ್ಪಗಳಲ್ಲಿ ಕ್ರೀಡಾಪಟುಗಳೇ ಇಲ್ಲವೇಕೆ?

ಪ್ರಶ್ನೆ:
ಗ್ರೀಕರ ದೇವರಾಜ ಜ್ಯೂಸನಿಗೆ ಮೀಸಲಾದ ಒಲಿಂಪಿಯಾದ ದೇಗುಲವು ಸುಮಾರು ಕ್ರಿ.ಪೂ. 470ರಿಂದ 457ರ ಅವಧಿಯಲ್ಲಿ ಕಟ್ಟಲ್ಪಟ್ಟಿತು. ಗ್ರೀಕರ ಅತಿ ದೊಡ್ಡ ಕ್ರೀಡಾಕೂಟ ನಡೆಯುತ್ತಿದ್ದ ಜಾಗವೇ ಅದಾಗಿದ್ದರೂ ಅಲ್ಲಿನ ಶಿಲ್ಪಗಳಲ್ಲಿ ಓಟಗಾರನಾಗಲಿ ಡಿಸ್ಕಸ್ ಎಸೆಯುವವನಾಗಲಿ ಕಾಣುವುದಿಲ್ಲ. ಇರುವುದೆಲ್ಲ ಪುರಾಣದ ವೀರರು. ಹಾಗಾದರೆ ಆ ಶಿಲ್ಪಗಳಿಗೂ ಕ್ರೀಡೆಗೂ ಸಂಬಂಧವಿದೆಯೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಸಂಬಂಧ ಖಂಡಿತ ಇದೆ. ಹೊರಸುತ್ತಿನ ಚೌಕ ಫಲಕಗಳನ್ನು ಬರಿದಾಗಿ ಬಿಟ್ಟು, ಒಳಗಿನ ಮುಂಭಾಗ ಮತ್ತು ಹಿಂಭಾಗದ ಮೊಗಸಾಲೆಗಳ ಮೇಲೆ ಆರಾರರಂತೆ ಹನ್ನೆರಡು ಫಲಕಗಳಲ್ಲಿ ಜ್ಯೂಸನ ಮಗನಾದ ಮಹಾವೀರ ಹೆರಾಕ್ಲೀಸನ (ಹರ್ಕ್ಯುಲಿಸ್) ಸಾಹಸಗಳನ್ನು ಕೆತ್ತಲಾಗಿದೆ. ಕ್ರೀಡಾಕೂಟವನ್ನು ಆರಂಭಿಸಿದವನು ಹೆರಾಕ್ಲೀಸನೇ ಎಂದು ಕವಿ ಪಿಂಡಾರ್ ಹಾಡಿದ್ದನ್ನು ನೆನೆದರೆ ಈ ಆಯ್ಕೆಯ ಔಚಿತ್ಯ ತಿಳಿಯುತ್ತದೆ. ಆದರೆ ನನ್ನ ಗಮನ ಸೆಳೆಯುವುದು ಶಿಲ್ಪಿಯು ಆರಿಸಿಕೊಂಡ ಗಳಿಗೆ. ನೆಮಿಯಾದ ಸಿಂಹವನ್ನು ಕೊಂದ ಫಲಕದಲ್ಲಿ ಇನ್ನೂ ಗಡ್ಡ ಮೂಡದ ತರುಣನೊಬ್ಬ ಸತ್ತ ಮೃಗದ ಮೇಲೆ ಒಂದು ಕಾಲನ್ನಿಟ್ಟು, ತಲೆಯನ್ನು ಕೈಗಾನಿಸಿ, ದಣಿದು ನಿಂತಿದ್ದಾನೆ. ಗೆದ್ದವನ ಗತ್ತು ಅವನಲ್ಲಿ ಎಳ್ಳಷ್ಟೂ ಇಲ್ಲ. ಆಕಾಶವನ್ನು ಹೊತ್ತ ಫಲಕದಲ್ಲಿ ಅವನ ಹೆಗಲ ಮೇಲೆ ಮಡಿಸಿದ ಮೆತ್ತೆಯಿದೆ, ಹಿಂದೆ ನಿಂತ ದೇವತೆ ಅಥೀನಾ ಒಂದೇ ಕೈಯಿಂದ ಆ ಭಾರಕ್ಕೆ ಆಸರೆ ಕೊಡುತ್ತಿದ್ದಾಳೆ. ಇಲ್ಲಿಗೆ ಬರುವ ಸ್ಪರ್ಧಿಗಳು ಹತ್ತು ತಿಂಗಳು ನಿಯಮದಂತೆ ಅಭ್ಯಾಸ ಮಾಡಿದ್ದೇವೆಂದು ಜ್ಯೂಸನ ಮೂರ್ತಿಯ ಮುಂದೆ ಹಂದಿಯ ಮಾಂಸದ ತುಂಡುಗಳ ಮೇಲೆ ಪ್ರಮಾಣ ಮಾಡಬೇಕಿತ್ತು. ಅಂಥವರಿಗೆ ಈ ದಣಿವಿನ ಚಿತ್ರಣ ಹೊರಗಿನದೆಂದು ತೋರಿರಲಾರದು.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ನೀತಿಬೋಧೆಯಾಗಿ ಓದುವುದು ಸರಿಯಲ್ಲ. ಪೂರ್ವದ ತ್ರಿಕೋನ ಮುಖಭಾಗದಲ್ಲಿ ಒಲಿಂಪಿಯಾದ ಪಕ್ಕದ ಪೀಸಾ ಎಂಬ ಊರಿನ ದೊರೆ ಓಯ್ನೊಮಾಸ್ ಮತ್ತು ಅವನ ಮಗಳನ್ನು ವರಿಸಲು ಬಂದ ಪೆಲೊಪ್ಸ್ ರಥದೋಟಕ್ಕೆ ಸಿದ್ಧರಾಗಿ ಜ್ಯೂಸನ ಎರಡು ಬದಿಗಳಲ್ಲಿ ನಿಂತಿದ್ದಾರೆ. ಓಟವಿನ್ನೂ ಶುರುವಾಗಿಲ್ಲ, ಆದರೂ ಒಂದು ಪಕ್ಕದಲ್ಲಿ ಕುಳಿತ ಮುದಿ ಕಾಲಜ್ಞಾನಿಯ ಸಡಿಲ ಮೈ ಮತ್ತು ಕಳವಳದ ಮುಖ ದೊರೆಯ ಗತಿಯನ್ನು ಆಗಲೇ ಹೇಳಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ದೇಗುಲದ ಅತ್ಯುತ್ತಮ ಶಿಲ್ಪ ಆ ಮುದುಕನದೇ. ಇದರ ಜೊತೆಗೆ ರಾಜಕೀಯವೂ ಇದೆ. ಒಲಿಂಪಿಯಾದ ಮೇಲೆ ಹಿಡಿತವಿದ್ದ ನೆರೆಯ ಈಲಿಸ್ ನಾಡಿನವರು ಪೀಸಾವನ್ನು ಸೋಲಿಸಿ ತಂದ ಕೊಳ್ಳೆಯ ಹಣದಿಂದಲೇ ಈ ದೇಗುಲವನ್ನು ಕಟ್ಟಿಸಿದರೆಂದು ಪ್ರವಾಸಿ ಪಾಸೇನಿಯಸ್ ಬರೆದಿದ್ದಾನೆ. ಹೀಗಿರುವಾಗ ಸೋಲಲಿರುವ ಪೀಸಾದ ದೊರೆಯನ್ನು ಹೆಬ್ಬಾಗಿಲ ಮೇಲೆಯೇ ನಿಲ್ಲಿಸಿದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಹೆರಾಕ್ಲೀಸನು ಈಲಿಸ್‌ನ ದೊರೆ ಔಗಿಯಸನ ಕೊಟ್ಟಿಗೆಯನ್ನು ತೊಳೆಯುವ ಫಲಕವೂ ಇಲ್ಲಿರುವುದರಿಂದ ಸ್ಥಳೀಯ ಅಭಿಮಾನಕ್ಕೆ ಇನ್ನೇನು ಸಾಕ್ಷಿ ಬೇಕು?

ಉತ್ತರ 3:
ಕ್ರೀಡಾಪಟುಗಳು ಎಲ್ಲಿ ಎಂಬ ಮೂಲ ಪ್ರಶ್ನೆಗೆ ಬರುವುದಾದರೆ, ಅವರಿದ್ದದ್ದು ದೇಗುಲದ ಗೋಡೆಯ ಮೇಲಲ್ಲ, ಅಂಗಳದಲ್ಲಿ. ಗೆದ್ದವರ ಪ್ರತಿಮೆಗಳು ಅಲ್ಲಿ ಸಾಲುಸಾಲಾಗಿ ನಿಂತಿದ್ದವು. ವೀರರನ್ನು ತಲೆಯೆತ್ತಿ ನೋಡಿದವರು ತಾವೂ ಅವರಂತಾಗಲು ಹವಣಿಸಿದ್ದರ ಗುರುತುಗಳೂ ಅಲ್ಲಿಯೇ ಸಿಗುತ್ತವೆ. ಕ್ರಿ.ಪೂ. 408ರಲ್ಲಿ ಪ್ಯಾಂಕ್ರೇಶನ್ ಎಂಬ ಕುಸ್ತಿ-ಗುದ್ದಾಟದ ಸ್ಪರ್ಧೆಯನ್ನು ಗೆದ್ದ ಪಾಲಿಡಮಸ್, ಹೆರಾಕ್ಲೀಸನಿಗೆ ಸರಿಸಾಟಿಯಾಗಬೇಕೆಂಬ ಹಂಬಲದಿಂದ ಆಯುಧವಿಲ್ಲದೆ ಸಿಂಹವನ್ನು ಕೊಂದನೆಂಬುದು ಪಾಸೇನಿಯಸ್ ಹೇಳುವ ಕಥೆ. ಶಿಲ್ಪಿ ಲೈಸಿಪ್ಪಸ್ ಮಾಡಿದ ಅವನ ಪ್ರತಿಮೆ ಉಳಿದಿಲ್ಲವಾದರೂ ಸಿಂಹದೊಡನೆ ಸೆಣಸುವ ಉಬ್ಬುಚಿತ್ರವಿರುವ ಅದರ ಪೀಠ ಒಲಿಂಪಿಯಾದಲ್ಲಿ ದೊರೆತಿದೆ.

ಥೇಸಾಸ್ ದ್ವೀಪದ ಥಿಯಾಜಿನಿಸ್ ಇನ್ನೂ ಮುಂದೆ ಹೋದನು. ಕ್ರಿ.ಪೂ. 480ರಲ್ಲಿ ಮುಷ್ಟಿಯುದ್ಧವನ್ನೂ 476ರಲ್ಲಿ ಪ್ಯಾಂಕ್ರೇಶನ್ನನ್ನೂ ಗೆದ್ದ ಅವನನ್ನು ಊರಿನವರು ಹೆರಾಕ್ಲೀಸನ ಮಗನೆಂದೇ ನಂಬಿದರು, ಸತ್ತ ಮೇಲೆ ಪೂಜಿಸಿದರು. ಆ ಊರಿನ ಸಂತೆಚೌಕದಲ್ಲಿ ಸಿಕ್ಕಿದ ಕಲ್ಲಿನ ಕಾಣಿಕೆ ಹುಂಡಿಯ ಮೇಲೆ, ಅವನಿಗೆ ಬಲಿ ಅರ್ಪಿಸುವವರು ಒಂದು ಒಬೊಲ್‌ಗಿಂತ (ಗ್ರೀಕರ ಸಣ್ಣ ನಾಣ್ಯ) ಕಡಿಮೆ ಹಾಕಕೂಡದೆಂಬ ಕಟ್ಟಳೆ ಕೆತ್ತಿದೆ.