ಸಹಾಯ ಬೇಕು: ಸಿಂಗಪುರದಲ್ಲಿ ಅಮ್ಮನ ಭಾರತದ ನಂಬರಿಗೆ ಒಟಿಪಿ ಬರುತ್ತಾ?

ನಮಸ್ಕಾರ. ಅಕ್ಕನ ಬಾಣಂತನಕ್ಕೆ ಅಮ್ಮ ಒಬ್ಬರೇ ಸಿಂಗಪುರಕ್ಕೆ ಹೊರಟಿದ್ದಾರೆ. ಮೊದಲ ವಿಮಾನ ಪ್ರಯಾಣ. ಗುರುವಾರ ಇಳಿಯುತ್ತಾರೆ. ಅರೈವಲ್ ಕಾರ್ಡ್ (ಸಿಂಗಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಫಾರ್ಮ್) ಇಳಿಯುವ ದಿನವೂ ಸೇರಿ 3 ದಿನದೊಳಗೆ ತುಂಬಬೇಕಲ್ವಾ, ಅದನ್ನು ಮಂಗಳವಾರ ಅಲ್ಲಿನ ವಲಸೆ ಇಲಾಖೆಯ ಮೈಐಸಿಎ ಆ್ಯಪ್‌ನಲ್ಲಿ ನಾನೇ ತುಂಬುತ್ತೇನೆ. ಅದು ಉಚಿತ, ಯಾರೂ ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ನಕ್ಷೆಯನ್ನೂ ಇಳಿಸಿದ್ದೇನೆ.

ಸಿಕ್ಕಿಕೊಂಡಿರುವುದು ಸಿಮ್ ವಿಷಯದಲ್ಲಿ. ಅಲ್ಲಿ ಇಂಟರ್ನೆಟ್‌ಗೆ ಇ-ಸಿಮ್ (ಕಾರ್ಡ್ ಇಲ್ಲದ ಡಿಜಿಟಲ್ ಸಿಮ್) ಹಾಕಿದ್ದೇನೆ. ಇಲ್ಲಿನ ಪ್ರೀಪೇಯ್ಡ್ ಸಿಮ್ಮೂ ಫೋನಿನಲ್ಲೇ ಇರುತ್ತದೆ, ಅದರ ಡೇಟಾ ರೋಮಿಂಗ್ ಆಫ್ ಮಾಡಿದ್ದೇನೆ. ಯಾವ ಬಟನ್ ಒತ್ತಬೇಕು ಅಂತ ಚೀಟಿಯಲ್ಲಿ ಚಿತ್ರ ಬರೆದು ಪಾಸ್‌ಪೋರ್ಟ್ ಕವರಿನಲ್ಲಿಟ್ಟಿದ್ದೇನೆ. ಅಮ್ಮ ದಿನಾ ತೆಗೆದು ನೋಡುತ್ತಾರೆ. ಆದರೆ ಬ್ಯಾಂಕಿನ ಒಟಿಪಿ ಬರುವುದು ಇಲ್ಲಿನ ನಂಬರಿಗೇ. ಕಸ್ಟಮರ್ ಕೇರ್‌ಗೆ ಎರಡು ಸಲ ಫೋನ್ ಮಾಡಿದೆ. ಒಬ್ಬರು ರೋಮಿಂಗ್ ಪ್ಯಾಕ್ ಇಲ್ಲದಿದ್ದರೂ ಎಸ್ಸೆಮ್ಮೆಸ್ ಬರುತ್ತದೆ ಅಂದರು, ಇನ್ನೊಬ್ಬರು ಪ್ಯಾಕ್ ಇಲ್ಲದೆ ನೆಟ್‌ವರ್ಕೇ ಸಿಗಲ್ಲ ಅಂದರು. ತುಂಬಾ ಆತಂಕವಾಗಿದೆ.

ಇತ್ತೀಚೆಗೆ ಸಿಂಗಪುರಕ್ಕೆ ಹೋಗಿ ಬಂದವರು ದಯವಿಟ್ಟು ಹೇಳಿ: ಪ್ರೀಪೇಯ್ಡ್ ಸಿಮ್‌ಗೆ ರೋಮಿಂಗ್ ಪ್ಯಾಕ್ ಹಾಕಿಸದೆ, ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಮಾತ್ರ ಆನ್ ಮಾಡಿದರೆ ಒಟಿಪಿ ಬಂತಾ? ಇಲ್ಲಾ, ಪ್ಯಾಕ್ ಹಾಕಿಸಲೇಬೇಕಾ?